ಜೇಬಿನೊಳಗಿನ ಉಪ್ಪು

ಹೋದ ಭಾನುವಾರ ನಿಡಘಟ್ಟದ ಬೀಗರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮೇಜಿನ ನಡುವೆ ಒಂದು ಉಪ್ಪಿನ ಡಬ್ಬಿ ಇತ್ತು. ತಲೆಯ ಮೇಲೆ ಆರು ತೂತಿರುವ, ಅಂಗೈಯಲ್ಲಿ ಅಡಗುವಂಥ ಪ್ಲಾಸ್ಟಿಕ್ ಡಬ್ಬಿ. ಉಪ್ಪು ಗಟ್ಟಿಯಾಗದಿರಲಿ ಎಂದು ಒಳಗೆ ನಾಲ್ಕು ಅಕ್ಕಿಕಾಳು ಹಾಕಿದ್ದರು. ಮಗಳನ್ನು ಆ ಮನೆಗೆ ಕೊಟ್ಟು ಇನ್ನೂ ನಾಲ್ಕು ತಿಂಗಳು. ಸಾರು ಸಪ್ಪೆ. ಡಬ್ಬಿ ನನ್ನ ತಟ್ಟೆಯಿಂದ ಒಂದೂವರೆ ಮೊಳ ದೂರ.

ಒಂದೂವರೆ ಮೊಳ ಏನು ಮಹಾ ದೂರ, ಕೈ ಚಾಚಿದರಾಯಿತು ಅನ್ನುವವರು ನನ್ನಂಥವರಲ್ಲ. ಕೈ ಚಾಚಿದರೆ ಬೀಗಿತ್ತಿಯ ಅಡುಗೆಗೆ ಕುಂದು ಹೇಳಿದಂತೆ. ಅವರು ಆ ಹೊತ್ತಿಗೆ ನಕ್ಕು ಸುಮ್ಮನಾಗಬಹುದು. ಆಮೇಲೆ ಯಾವತ್ತೋ ಒಂದು ದಿನ ಮಗಳಿಗೆ, ‘ನಿಮ್ಮಪ್ಪನಿಗೆ ನಮ್ಮನೆ ಸಾರು ಹಿಡಿಸಲಿಲ್ಲ’ ಅಂದರೆ? ಮಗಳು ಅದನ್ನು ಮನಸ್ಸಿಗೆ ಹಚ್ಚಿಕೊಂಡರೆ? ಹೀಗೆ ನಾನು ಎರಡು ತುತ್ತಿನ ನಡುವೆ ಮಗಳ ಸಂಸಾರವನ್ನೇ ಒಡೆದು, ಕೂಡಿಸಿ, ಮತ್ತೆ ಒಡೆಯುತ್ತ ಕೂತಿದ್ದಾಗ ಆ ಅಕ್ಕಿಕಾಳು ಬೆರೆತ ಉಪ್ಪನ್ನೇ ನೋಡುತ್ತಿದ್ದೆ. ಮೂವತ್ತು ವರ್ಷಗಳ ಹಿಂದೆ ನನ್ನ ಅಂಗಿಯ ಜೇಬಿನಲ್ಲಿ ಇರುತ್ತಿದ್ದ ಒಂದು ಕಾಗದದ ಪೊಟ್ಟಣ ನೆನಪಾಯಿತು. ಅದರ ಹಿಂದೆಯೇ ಓನರಮ್ಮ ನೆನಪಾದರು.

ಆಗ ನಾನು ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರ್ ಆಗಿ ಕೆಲಸಕ್ಕೆ ಸೇರಿದ ಹೊಸತು. ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಇಳಿದು, ನಾಲೆ ಏರಿಯ ಮೇಲೆ ಅರ್ಧ ಗಂಟೆ ನಡೆದರೆ ಸಿಗುವ ಹಳ್ಳಿ. ಊರವರಿಗೆ ಇನ್‌ಸ್ಪೆಕ್ಟರಿಗೂ ಡಾಕ್ಟರಿಗೂ ವ್ಯತ್ಯಾಸವಿರಲಿಲ್ಲ. ಸೂಜಿ ಹಿಡಿದವನೆಲ್ಲ ಡಾಕ್ಟ್ರು. ಮೊದಮೊದಲು ‘ನಾನು ಡಾಕ್ಟ್ರಲ್ಲ’ ಎಂದು ತಿದ್ದುತ್ತಿದ್ದೆ. ಆಮೇಲೆ ತಿದ್ದುವುದನ್ನು ಬಿಟ್ಟೆ. ಮಂಡ್ಯದಲ್ಲಿದ್ದ ನಮ್ಮಮ್ಮನಿಗೆ ಮಾತ್ರ ಈ ಸಂಗತಿ ಬರೆದು ತಿಳಿಸಿದ್ದೆ.

ನಾನು ಬಾಡಿಗೆಗಿದ್ದದ್ದು ಒಂದು ಹಂಚಿನ ಮನೆಯ ಹಿತ್ತಿಲ ಕೋಣೆಯಲ್ಲಿ. ಆ ಮನೆಯ ಯಜಮಾನಿಯೇ ಓನರಮ್ಮ. ಎದುರಿಗೆ ‘ಅವ್ವ’ ಅನ್ನುತ್ತಿದ್ದೆ. ಆಗ ಅವರಿಗೆ ಅರವತ್ತರ ಆಸುಪಾಸು. ಯಜಮಾನರು ದಿನವಿಡೀ ಗದ್ದೆಯಲ್ಲಿ. ಬಾಯಲ್ಲಿ ಸದಾ ಹೊಗೆಸೊಪ್ಪು. ಅವರ ನಾಲಗೆ ರುಚಿ ಕಳೆದುಕೊಂಡು ಎಷ್ಟು ಕಾಲವಾಗಿತ್ತೋ, ತಟ್ಟೆಗೆ ಏನು ಬಿದ್ದರೂ ಅದೇ ವೇಗದಲ್ಲಿ ಇಳಿಯುತ್ತಿತ್ತು. ಮಗ ಸೊಸೆ ಪಕ್ಕದ ಬೀದಿಯಲ್ಲಿ ಬೇರೆ ಒಲೆ ಹೂಡಿದ್ದರು. ಭಾನುವಾರ ಮಧ್ಯಾಹ್ನದ ಊಟಕ್ಕೆ ಓನರಮ್ಮ ನನ್ನನ್ನು ತಪ್ಪದೆ ಕರೆಯುತ್ತಿದ್ದರು. “ಬನ್ನಿ ಡಾಕ್ಟ್ರೆ, ಒಂದ್ ಮುದ್ದೆ ಜಾಸ್ತಿ ಆದ್ರೆ ನಮ್ಮನೆ ಏನೂ ಮುಳುಗೋಗಕ್ಕಿಲ್ಲ.”

ಆ ಊರಿನಲ್ಲಿ ಓನರಮ್ಮನಿಗೆ ಒಂದು ಹುದ್ದೆಯಿತ್ತು. ಮದುವೆ, ಬೀಗರೂಟ, ಹೊಸ ಮನೆ, ಏನೇ ಆಗಲಿ, ಚಪ್ಪರದ ಹಿಂದೆ ಹಂಡೆಯಲ್ಲಿ ಸಾರು ಕುದಿದ ಮೇಲೆ ಒಂದು ಸೌಟು ಸಾರನ್ನು ಮುತ್ತುಗದ ಎಲೆ ಮುಚ್ಚಿಕೊಂಡು ಅವರ ಹತ್ತಿರ ತರುತ್ತಿದ್ದರು. ಅವರು ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನಾಲಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, “ಇನ್ನೊಂದು ಬೊಗಸೆ” ಅಂತಲೋ “ಇಳಿಸ್ರಪ್ಪ” ಅಂತಲೋ ಅಂದರೆ ಮುಗಿಯಿತು. ಅವರು ‘ಇಳಿಸಿ’ ಅನ್ನದೆ ಎಲೆ ಹಾಕುವಂತಿರಲಿಲ್ಲ. ಈ ಕಾರಣಕ್ಕೇ ಆ ಊರಿನಲ್ಲಿ ಎಲೆಯ ತುದಿಗೆ ಉಪ್ಪು ಬಡಿಸುವ ಪದ್ಧತಿಯೂ ಇರಲಿಲ್ಲ. ಬಡಿಸಿದರೆ ಓನರಮ್ಮನ ನಾಲಗೆಯ ಮೇಲೆ ನಂಬಿಕೆಯಿಲ್ಲ ಅಂದ ಹಾಗೆ. ಬೇರೆ ಊರಿನಿಂದ ಬಂದ ನೆಂಟರು ‘ಎಲೇಲಿ ಉಪ್ಪೇ ಇಲ್ವಲ್ಲ’ ಎಂದು ಗೊಣಗಿದರೆ, ‘ಉಂಡು ನೋಡಿ, ಆಮೇಲ್ ಕೇಳಿ’ ಅನ್ನುವುದು ಊರವರ ಜಂಬ. ಯಾರೂ ಕೇಳುತ್ತಿರಲಿಲ್ಲ. ಕೇಳುವ ಹಾಗೆ ಇರುತ್ತಲೂ ಇರಲಿಲ್ಲ.

ಮೊದಲ ವರ್ಷ ನಾನು ಉಂಡ ಭಾನುವಾರದ ಊಟಗಳು... ಆ ಉಪ್ಸಾರು, ಆ ಹುರುಳಿಕಾಳಿನ ಬಸ್ಸಾರು... ಅದನ್ನು ಬರೆಯಲು ಹೋದರೆ ಈ ಲೇಖನ ಅಡುಗೆ ಪುಸ್ತಕವಾಗುತ್ತದೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ಊರಿಗೆ ಊರೇ ಜ್ವರ ಹಿಡಿದು ಮಲಗಿತು. ಓನರಮ್ಮನೂ ಹತ್ತು ದಿನ ಮಲಗಿ ಎದ್ದರು. ಎದ್ದ ಮೇಲಿನ ಮೊದಲ ಭಾನುವಾರ ನನ್ನನ್ನು ಕರೆದರು. ಸಾರಿನಲ್ಲಿ ಉಪ್ಪಿರಲಿಲ್ಲ. ಕಮ್ಮಿ ಅಲ್ಲ, ಇರಲೇ ಇಲ್ಲ. ಜ್ವರ ಬಿಟ್ಟ ಸುಸ್ತು, ಮರೆತಿದ್ದಾರೆ ಅಂದುಕೊಂಡೆ. ಅವರು ಮುಂದೆ ಕೂತು, “ಎಂಗದೆ ಡಾಕ್ಟ್ರೆ, ಉಪ್ಪು ಸರಿಯಾಗದಾ?” ಅಂದರು.

ನಮ್ಮಮ್ಮ ನನ್ನನ್ನು ಬೆಳೆಸುವಾಗ ಕಲಿಸಿದ ನೀತಿಗಳಲ್ಲಿ ನಾನು ಅಲ್ಲಿಯವರೆಗೂ ಪಾಲಿಸಿಕೊಂಡು ಬಂದದ್ದು ಒಂದನ್ನೇ. ಕಂಡವರ ಮನೆಯಲ್ಲಿ ಉಪ್ಪು ಕೇಳಬಾರದು. ಒಮ್ಮೆ, ನಾನು ಆರೇಳು ವರ್ಷದವನಿದ್ದಾಗ, ಕೊತ್ತತ್ತಿಯ ನೆಂಟರ ಮನೆಯಲ್ಲಿ ‘ಉಪ್ಪು ಹಾಕ್ರಿ’ ಎಂದು ಕೂಗಿದ್ದಕ್ಕೆ ಅಮ್ಮ ಅಲ್ಲೇ ತೊಡೆಗೆ ಜಿಗುಟಿದ್ದ ಗುರುತು ಈಗ ಇಲ್ಲದಿದ್ದರೂ ಜಾಗ ಗೊತ್ತಿದೆ. ಆದ್ದರಿಂದ ಓನರಮ್ಮನಿಗೆ, “ಚೆನ್ನಾಗಿದೆ ಅವ್ವ, ಸರಿಯಾಗಿದೆ” ಅಂದೆ.

ಮುಂದಿನ ವಾರವೂ ಸಪ್ಪೆ. ಅದರ ಮುಂದಿನ ವಾರ ಬಾಯಿಗಿಟ್ಟರೆ ಸಮುದ್ರ. ಮತ್ತೆ ಎರಡು ವಾರ ಸಪ್ಪೆ. ಪ್ರತಿ ಸಲವೂ ಅದೇ ಪ್ರಶ್ನೆ, ಪ್ರತಿ ಸಲವೂ ಅದೇ ಉತ್ತರ. ಕೊನೆಗೆ ನಾನು ಒಂದು ಉಪಾಯ ಹೂಡಿದೆ. ನನ್ನ ಕೋಣೆಯಲ್ಲಿದ್ದ ಪುಡಿ ಉಪ್ಪನ್ನು ಹಳೆಯ ಪೇಪರಿನ ಚೂರಿನಲ್ಲಿ ಪೊಟ್ಟಣ ಕಟ್ಟಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗತೊಡಗಿದೆ. ಅವರು ಎರಡನೆಯ ಮುದ್ದೆ ತರಲು ಒಳಗೆ ಹೋದಾಗ ಎರಡು ಬೆರಳಲ್ಲಿ ಉದುರಿಸಿ ಕಲಸಿಬಿಡುವುದು. ಯಜಮಾನರು ತಲೆಯೆತ್ತಿ ನೋಡುವವರಲ್ಲ. ಉಪ್ಪು ಜಾಸ್ತಿಯಾದ ವಾರಕ್ಕೆ ಮಾತ್ರ ಜೇಬಿನಲ್ಲಿ ಏನೂ ಉಪಾಯವಿರಲಿಲ್ಲ, ನೀರು ಕುಡಿಯುತ್ತಿದ್ದೆ.

ಇದೇ ನಾನು ವಾರದ ಉಳಿದ ದಿನಗಳಲ್ಲಿ ರೈತರ ಕೊಟ್ಟಿಗೆಯಲ್ಲಿ ನಿಂತು, ‘ಹಸು ಗೋಡೆ ನೆಕ್ಕುತ್ತಿದೆ ಅಂದರೆ ಮೈಗೆ ಉಪ್ಪು ಸಾಲುತ್ತಿಲ್ಲ ಅಂತ ಅರ್ಥ, ದಿನಾ ಒಂದು ಹಿಡಿ ಹಾಕಿ’ ಎಂದು ಬುದ್ಧಿ ಹೇಳುತ್ತಿದ್ದೆ. ಹಸುವಿಗೆ ಸಂಕೋಚವಿಲ್ಲ. ಬೇಕಾದ್ದನ್ನು ಗೋಡೆಯಿಂದಾದರೂ ಕೇಳುತ್ತದೆ.

ಸುಗ್ಗಿ ಕಳೆದ ಮೇಲೆ ಓನರಮ್ಮನ ಮೈದುನನ ಮಗಳ ಮದುವೆ ಗಂಡಿನ ಊರಿನಲ್ಲಾಯಿತು. ಗಂಡಿನ ಕಡೆಯವರು ಮಳವಳ್ಳಿಯ ಕಡೆಯ ಅನುಕೂಲಸ್ಥರು. ಮದುವೆಯ ಮೂರನೆಯ ದಿನ ಹೆಣ್ಣಿನ ಮನೆಯಲ್ಲಿ ಬೀಗರೂಟ. ಗಂಡಿನವರಿಗೆ ಬಾಡೂಟ ಹಾಕುವುದು. ನಾಲ್ಕು ಹಂಡೆ ಸಾರು. ಜ್ವರದ ಮೇಲೆ ಊರಿನಲ್ಲಿ ಒಲೆಗೆ ಹಂಡೆ ಏರಿದ್ದು ಅದೇ ಮೊದಲು. ನನ್ನನ್ನೂ ಕರೆದಿದ್ದರು. ಕುರಿಗಳನ್ನು ಆರಿಸಿಕೊಟ್ಟವನು ನಾನೇ ಆದ್ದರಿಂದ ಚಪ್ಪರದ ಹಿಂದೆ ಸುಳಿದಾಡುವ ಹಕ್ಕೂ ಇತ್ತು.

ಅಡುಗೆಯವನು ಸೌಟು ಹಿಡಿದು ಬಂದ. ಓನರಮ್ಮ ಅದನ್ನು ಇಸಿದುಕೊಂಡು, ‘ಒಲೆ ಮುಂದೆ ಒಗೆ ಕಣ್ಣಿಗೆ ಓಯ್ತದೆ’ ಅನ್ನುತ್ತ ಹುಲ್ಲಿನ ಮೆದೆಯ ಮರೆಗೆ ನಡೆದರು. ಹೋಗುವಾಗ ನನ್ನ ಕಡೆ ತಲೆ ಆಡಿಸಿದರು. ನಾನು ಹಿಂದೆ ಹೋದೆ.

ಅವರು ಸೌಟನ್ನು ನನ್ನ ಮುಂದೆ ಹಿಡಿದರು.

“ವಸಿ ನೋಡಪ್ಪ. ಆ ಜ್ವರ ಬಂದಾಗಿಂದ ನನ್ ನಾಲ್ಗೆ ಸತ್ತೋಗದೆ. ಉಪ್ಪೂ ಗೊತ್ತಾಗಕ್ಕಿಲ್ಲ, ಉಳೀನೂ ಗೊತ್ತಾಗಕ್ಕಿಲ್ಲ. ಮನೇಲಿ ಅಂದಾಜ್ ಮೇಲೆ ಆಕ್ತೀನಿ, ನೀನು ಸರಿಯಾಗದೆ ಅಂತೀಯಲ್ಲ, ಅದೇ ಧೈರ್ಯ. ಇದು ನಾಕ್ ಅಂಡೆ, ಅಂದಾಜಲ್ಲಿ ಆಗಕ್ಕಿಲ್ಲ. ಯಾರ್ಗೂ ಯೋಳ್‌ಬ್ಯಾಡ.”

ಸಾರನ್ನು ಅಂಗೈಗೆ ಬಿಟ್ಟುಕೊಂಡು ನಾಲಗೆಗೆ ಇಟ್ಟೆ. ಖಾರ ಇತ್ತು, ಮಸಾಲೆ ಇತ್ತು, ಉಪ್ಪು ಸಾಲದು. ಎರಡು ಬೊಗಸೆಯಾದರೂ ಬೇಕು. ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು, ಹೇಳಿಕೊಂಡೂ ನೋಡಿದ್ದೇನೆ, ಆದರೆ ಗೊತ್ತಾಗಿತ್ತು.

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತೆಂದರೆ... ಈಗ ಕಮ್ಮಿ ಅಂದರೆ ಐದಾರು ತಿಂಗಳಿಂದ ಸರಿಯಾಗಿದೆ ಅಂದದ್ದೆಲ್ಲ ಸುಳ್ಳು ಎಂದು ಇವರಿಗೆ ಇಲ್ಲೇ ಗೊತ್ತಾಗುತ್ತದೆ. ಕೈಯಲ್ಲಿ ಸೌಟು ಹಿಡಿದೇ ಗೊತ್ತಾಗುತ್ತದೆ. ಇನ್ನೊಂದು ಕಡೆ, ಐನೂರು ಜನರ ಸಾರಿನ ಉಪ್ಪು ತೀರ್ಮಾನಿಸಲು ನಾನು ಯಾರು, ದನದವನು? ಎರಡು ಬೊಗಸೆ ಹಾಕಿಸಿ ಜಾಸ್ತಿಯಾದರೆ ತೆಗೆಯುವುದು ಹೇಗೆ? ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ನನ್ನ ಬಾಯಿ ಪ್ರತಿ ಭಾನುವಾರದ ಅಭ್ಯಾಸದಂತೆ ತನ್ನಷ್ಟಕ್ಕೆ ತೆರೆದುಕೊಂಡಿತು.

“ಸರಿಯಾಗಿದೆ ಅವ್ವ.”

ಓನರಮ್ಮನ ಮುಖದಲ್ಲಿ ಒಂದು ನೆಮ್ಮದಿ ಬಂತು. ಸೆರಗಿನಲ್ಲಿ ಮೂತಿ ಒರೆಸಿಕೊಂಡು, ತಾವೇ ರುಚಿ ನೋಡಿದವರಂತೆ ಹೊರಗೆ ಹೋಗಿ ಗಟ್ಟಿಯಾಗಿ ಅಂದರು: “ಸರಿಯಾಗದೆ. ಇಳಿಸ್ರಪ್ಪ!”

ಮೊದಲ ಪಂಕ್ತಿ ಬೀಗರದು. ಮುದ್ದೆ ಬಿತ್ತು, ಸಾರು ಬಿತ್ತು. ನೆಂಟರ ಮನೆ, ಯಾರು ಮೊದಲು ಬಾಯಿ ಬಿಡುವುದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ಸಂಕೋಚ ನನಗೆ ಚೆನ್ನಾಗಿ ಗೊತ್ತಿತ್ತು. ಹಾಗೇ ಉಂಡು ಎದ್ದುಬಿಡಲಿ ದೇವರೇ ಎಂದು ಚಪ್ಪರದ ಗಳ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಗಂಡಿನ ದೊಡ್ಡಪ್ಪ ಎಂಬ ದಪ್ಪ ಮೀಸೆಯವರು ಎಲೆಯಿಂದ ಕೈ ಎತ್ತಿದರು.

“ಏನ್ರಪ್ಪಾ, ನಮ್ಮನ್ನೇನು ಬಾಣಂತೇರು ಅನ್ಕಂಡ್ರಾ? ಪಥ್ಯಕ್ ಬಡಿಸ್ದಂಗೆ ಬಡಿಸಿದ್ದೀರಿ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಒಬ್ಬರು ಕೇಳಿದ್ದೇ ತಡ, ‘ಉಪ್ಪು ತನ್ನಿ’, ‘ಇಲ್ಲೂ ಉಪ್ಪು’ ಎಂದು ಎಲ್ಲ ಎಲೆಗಳಿಂದ ಕೂಗು ಎದ್ದಿತು. ಎಲೆಗೆ ಉಪ್ಪು ಬಡಿಸದ ಊರಿನಲ್ಲಿ ಓನರಮ್ಮನ ಮೈದುನ ತಾಂಬಾಳದ ತುಂಬ ಉಪ್ಪು ಹೊತ್ತು ಸಾಲು ಸಾಲು ಓಡಾಡಿದರು. ಅಡುಗೆಯವನು, “ನಂದೇನದೆ, ಅವ್ವ ಇಳಿಸಿ ಅಂದ್ರು” ಅಂದ. ಮೈದುನ ತಿರುಗಿ, “ಏನತ್ಗೆ, ನಾಲ್ಗೆ ಎಲ್ಲಿ ಮಡಗಿದ್ದೆ?” ಅಂದರು. ಎಲ್ಲರೂ ಓನರಮ್ಮನನ್ನು ನೋಡಿದರು.

ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಓನರಮ್ಮ ನನ್ನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

“ವಯಸ್ಸಾಯ್ತು ಕಣಪ್ಪ. ನಂದೇ ತಪ್ಪು” ಅಂದರು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ನಾನು ಗಳ ಹಿಡಿದೇ ನಿಂತಿದ್ದೆ. ಆಮೇಲೆ ಎರಡನೆಯ ಪಂಕ್ತಿಯಲ್ಲಿ ಕೂತು ಉಂಡೆ ಕೂಡ. ಅಷ್ಟು ಹೊತ್ತಿಗೆ ಉಪ್ಪು ಸರಿಯಾಗಿತ್ತು.

ಮುಂದಿನ ಭಾನುವಾರ ಕರೆಯಲಾರರು ಎಂದುಕೊಂಡಿದ್ದೆ. ಕರೆದರು. ಯಜಮಾನರು ಗದ್ದೆಗೆ ಹೋಗಿದ್ದರು. ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ಕೂತರು. ನಾನು ತಟ್ಟೆಗೆ ಕೈ ಹಾಕುವ ಮೊದಲೇ, “ಜೇಬಲ್ಲಿರದ ತಗಿ” ಅಂದರು.

ಪೊಟ್ಟಣ ತೆಗೆದು ನೆಲದ ಮೇಲಿಟ್ಟೆ.

“ತಟ್ಟೆ ತೊಳೆವಾಗ ಅಂಚಲ್ಲಿ ಬೆಳ್ಳಗೆ ಪುಡಿ ಅಂಟಿರದು. ನಮ್ಮನೇಲಿರದು ಕಲ್ಲುಪ್ಪು, ಪುಡಿ ಉಪ್ಪು ಎಲ್ಲಿಂದ ಬತ್ತದೆ? ಡಾಕ್ಟ್ರು, ಒಟ್ಟೆಗೇನೋ ಔಸ್ತಿ ತಕ್ಕತ್ತಾನೆ ಅನ್ಕಂಡಿದ್ದೆ. ಇಂಗ್ಲೀಸ್ ಔಸ್ತಿ!” ಅಂದು ಒಂದು ಕ್ಷಣ ನಕ್ಕರು. ಆಮೇಲೆ ನಗಲಿಲ್ಲ.

ಎದ್ದು ಒಲೆಯ ಪಕ್ಕದ ಉಪ್ಪಿನ ಕುಡಿಕೆ ತಂದರು. ಆ ಸೀಮೆಯಲ್ಲಿ ಉಪ್ಪನ್ನು ಕೈಯಿಂದ ಕೈಗೆ ಯಾರೂ ಕೊಡುವುದಿಲ್ಲ. ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳವಾಗುತ್ತದೆ ಎಂದು ನಂಬಿಕೆ. ನೆಲದ ಮೇಲೋ ತಟ್ಟೆಯಲ್ಲೋ ಇಡಬೇಕು. ಓನರಮ್ಮ ಅದನ್ನು ಬಿಗಿಯಾಗಿ ಪಾಲಿಸುವವರು. ಅವತ್ತು ಅವರು ನಾಲ್ಕು ಹರಳು ತೆಗೆದು, “ಕೈ ಒಡ್ಡು” ಅಂದರು. ಒಡ್ಡಿದೆ. ನನ್ನ ಅಂಗೈಗೇ ಹಾಕಿದರು.

“ಜಗಳ ಬಂದ್ರೆ ಬರ್ಲಿ. ಒಂದ್ಸತಿ ಆಡೇಬುಡನ. ಕೇಳಿದ್ರೆ ಏನಾಗ್ತಿತ್ತು ಮಗ? ಉಪ್ಪು ಅಂತ ಒಂದ್ ಮಾತು... ನಾನು ನಿನ್ನ ಕೊಂದಾಕ್‌ಬುಡ್ತಿದ್ನಾ?”

ನಾನು ಆಗಲಾದರೂ ಜಗಳ ಆಡಬೇಕಿತ್ತು. ‘ನೀವಾದರೂ ನಾಲಗೆ ಹೋಗಿದೆ ಅಂತ ಮೊದಲೇ ಯಾಕೆ ಹೇಳಲಿಲ್ಲ’ ಅನ್ನಬೇಕಿತ್ತು. ಅಳಬೇಕಿತ್ತು, ಇಲ್ಲವೇ ಎದ್ದುಹೋಗಿ ಮೈದುನನ ಮನೆ ಬಾಗಿಲಲ್ಲಿ ನಿಂತು ‘ರುಚಿ ನೋಡಿದ್ದು ನಾನು’ ಅನ್ನಬೇಕಿತ್ತು. ಅಂಗೈಯ ಉಪ್ಪನ್ನು ಸಾರಿಗೆ ಹಾಕಿಕೊಂಡು ತಲೆ ತಗ್ಗಿಸಿ ಉಂಡೆ.

“ಈಗ?” ಅಂದರು ಓನರಮ್ಮ.

“ಇನ್ನು ಅರೆ ಚಿಟಿಕೆ” ಅಂದೆ. ಕೊತ್ತತ್ತಿಯಲ್ಲಿ ಜಿಗುಟಿಸಿಕೊಂಡ ಮೇಲೆ ನಾನು ಕಂಡವರ ಮನೆಯಲ್ಲಿ ಕೇಳಿದ ಮೊದಲ ಉಪ್ಪು ಅದು.

ಅಲ್ಲಿಂದ ಪ್ರತಿ ಭಾನುವಾರ ಅದೇ ಕ್ರಮ. ನಾನು ಒಂದು ತುತ್ತು ಉಂಡು ಅಳತೆ ಹೇಳುವುದು, ಅವರು ಅಷ್ಟು ಹಾಕಿ ‘ಈಗ?’ ಅನ್ನುವುದು. ಕೆಲವು ತಿಂಗಳಲ್ಲಿ ಅವರ ಕೈಗೆ ಅಳತೆ ಕೂತಿತು. ನಾಲಗೆಯಿಲ್ಲದೆಯೇ, ಬೆರಳ ನೆನಪಿನ ಮೇಲೆ, ಸರಿಯಾಗಿ ಹಾಕತೊಡಗಿದರು. ಆದರೂ ‘ಈಗ?’ ಎನ್ನುವುದನ್ನು ಬಿಡಲಿಲ್ಲ. ಏನೂ ಬೇಡದಿದ್ದರೂ ನಾನೂ ಒಮ್ಮೊಮ್ಮೆ ‘ಅರೆ ಚಿಟಿಕೆ’ ಅನ್ನುತ್ತಿದ್ದೆ.

ಮನೆಯೊಳಗಿನದು ಹೀಗೆ ಸರಿಹೋಯಿತು. ಊರಿನದು ಹೋಗಲಿಲ್ಲ. ಮುಂದಿನ ಮದುವೆಗೆ ಸೌಟು ಬೇರೆ ಮನೆಗೆ ಹೋಯಿತು. ನಾನು ಕಣ್ಣಾರೆ ಕಂಡೆ: ಓನರಮ್ಮ ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದರು. ಮುತ್ತುಗದ ಎಲೆ ಮುಚ್ಚಿದ ಸೌಟು ಅವರ ಮುಂದೆಯೇ ದಾಟಿ ಮೈದುನನ ಮನೆ ಕಡೆ, ಅವರ ಹೆಂಡತಿಯ ಹತ್ತಿರ ಹೋಯಿತು. ಮೊರ ಒಂದು ಗಳಿಗೆ ನಿಂತಿತು. ಮತ್ತೆ ಆಡತೊಡಗಿತು. ಆ ಮದುವೆಯಿಂದ ಎಲೆಯ ತುದಿಗೆ ಉಪ್ಪು ಬಡಿಸುವುದೂ ಶುರುವಾಯಿತು.

ನಾಳೆ ಹೇಳೋಣ, ಈ ಹಬ್ಬ ಕಳೆಯಲಿ, ಮೈದುನನ ಕೋಪ ಇಳಿಯಲಿ... ಎಂದು ನಾನು ಮುಂದೂಡುತ್ತ ಹೋದೆ. ಏನು ಹೇಳಬೇಕೆಂದು ಕೊಟ್ಟಿಗೆಗಳಲ್ಲಿ ಹಸುಗಳ ಮುಂದೆ ಅಭ್ಯಾಸವನ್ನೂ ಮಾಡಿದೆ. ಅಷ್ಟರಲ್ಲಿ ವರ್ಗವಾಯಿತು. ಹೊರಡುವ ದಿನ ಓನರಮ್ಮ ಒಂದು ಸೇರು ಹುರುಳಿಕಾಳು ಕಟ್ಟಿಕೊಟ್ಟು, “ಎಲ್ಲೋದ್ರೂ ಕೇಳ್ಕಂಡ್ ಉಣ್ಣು” ಅಂದರು. ಅಷ್ಟೇ.

ಅವರು ತೀರಿಕೊಂಡ ಸುದ್ದಿ ಬಂದದ್ದು ಹತ್ತು ಹನ್ನೆರಡು ವರ್ಷದ ಮೇಲೆ. ತಿಥಿಗೆ ಹೋದೆ. ಅದೇ ಹುಲ್ಲಿನ ಮೆದೆಯ ಜಾಗದಲ್ಲಿ ಒಲೆ ಹೂಡಿದ್ದರು. ಅಡುಗೆಯವನೂ ಅವನೇ, ತಲೆ ನರೆತಿತ್ತು. ಇವತ್ತು ಹೇಳಿಯೇ ತೀರುತ್ತೇನೆ ಎಂದು ಬಸ್ಸಿನುದ್ದಕ್ಕೂ ನಿರ್ಧರಿಸಿಕೊಂಡು ಬಂದಿದ್ದೆ. ಅವನ ಪಕ್ಕ ನಿಂತು, ಆ ಬೀಗರೂಟದ ದಿನ ರುಚಿ ನೋಡಿದ್ದು ಅವ್ವ ಅಲ್ಲ, ನಾನು, ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವನು ಸಾರು ತಿರುವುತ್ತಲೇ ಕೇಳಿದ, “ಯಾವ್ ಬೀಗ್ರೂಟ ಸಾ?”

ಹೇಳಿದೆ. ಮಳವಳ್ಳಿ ಕಡೆಯವರು, ದಪ್ಪ ಮೀಸೆ, ಬಾಣಂತಿ ಪಥ್ಯ... ಅವನು ಸೌಟು ನಿಲ್ಲಿಸಿ ಯೋಚಿಸಿದ.

“ಎಷ್ಟ್ ಮದ್ವೆ, ಎಷ್ಟ್ ಅಂಡೆ ಸಾ... ಗ್ಯಾನಕ್ಕೇ ಬರ್ತಿಲ್ಲ. ಬುಡಿ, ಎಲೆ ಆಕವ್ರೆ, ಕೂತ್ಕಳಿ.”

ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದನ್ನು ಊರು ಎಂದೋ ಮರೆತಿತ್ತು. ಸೌಟು ಯಾಕೆ ಆ ಮನೆಗೆ ಹೋಗುವುದು ನಿಂತಿತು ಎಂಬುದೂ ಯಾರಿಗೂ ನೆನಪಿರಲಿಲ್ಲ. ನಿಂತದ್ದು ಮಾತ್ರ ನಿಂತಿತ್ತು. ನೆನಪಿಟ್ಟುಕೊಂಡವರು ನಾವಿಬ್ಬರೇ. ಈಗ ನಾನೊಬ್ಬನೇ. ತಪ್ಪೊಪ್ಪಿಕೊಳ್ಳಲು ಆ ಊರಿನಲ್ಲಿ ಇನ್ನು ನನಗೆ ಯಾರೂ ಇರಲಿಲ್ಲ. ಹೋಗಿ ಪಂಕ್ತಿಯಲ್ಲಿ ಕೂತೆ. ಎಲೆಯ ತುದಿಗೆ ಮೊದಲು ಉಪ್ಪು ಬಡಿಸಿಕೊಂಡು ಹೋದರು.

ನಿಡಘಟ್ಟದ ಮೇಜಿನ ಮೇಲೆ ಆ ಡಬ್ಬಿ ಇನ್ನೂ ಒಂದೂವರೆ ಮೊಳ ದೂರದಲ್ಲೇ ಇತ್ತು. ಬೀಗಿತ್ತಿ, “ಇನ್ನೊಂಚೂರು ಸಾರು ಬುಡ್ಲಾ ಬೀಗ್ರೆ?” ಎಂದು ಸೌಟು ಎತ್ತಿದರು. ಆ ಸೌಟು ನೋಡಿ ನನಗೆ ಏನಾಯಿತೋ.

“ಬಿಡಿ. ಆದರೆ ಉಪ್ಪು ಸ್ವಲ್ಪ ಕಮ್ಮಿಯಾಗಿದೆ” ಅಂದೆ.

ಮೇಜಿನ ಕೆಳಗೆ ನನ್ನ ಹೆಂಡತಿ ಕಾಲು ತುಳಿದಳು. ಬೀಗಿತ್ತಿ ಸೌಟು ಹಿಡಿದೇ ನಿಂತರು.

“ಅಯ್ಯೋ, ಮೊದ್ಲೇ ಕೇಳದಲ್ವಾ! ನಮ್ಮನೆಯೋರ್ಗೆ ಬಿಪಿ ಅಂತ ಸಾರಿಗೆ ಉಪ್ಪೇ ಮುಟ್ಸದು ಕಮ್ಮಿ. ಬೇಕಾದೋರು ಆಕ್ಕಳ್ಳಿ ಅಂತ್ಲೇ ಡಬ್ಬಿ ಮಡಗಿರದು. ನಿಮ್ಮ ಮಗಳು ಬಂದು ನಾಕ್ ತಿಂಗಳಾಯ್ತು, ಒಂದಿನ ಆ ಡಬ್ಬಿ ಮುಟ್ಟಿಲ್ಲ ನೋಡಿ. ಏನವ್ವಾ, ನೀನೂ ಸಪ್ಪೆ ಉಣ್ತಿದ್ದೀಯಾ?”

ಮಗಳು ತಟ್ಟೆ ನೋಡುತ್ತ, “ಇಲ್ಲ ಅತ್ತೆ, ಸರಿಯಾಗಿದೆ” ಅಂದಳು. ಆ ಮಾತು ಬಂದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ಚೂಡಿದಾರಕ್ಕೆ ಜೇಬಿದೆಯೇ ಎಂದು ನೋಡಲು ಧೈರ್ಯವಾಗಲಿಲ್ಲ. ಎದ್ದು, ಡಬ್ಬಿ ತೆಗೆದು, ಅವಳಿಗೆ “ಕೈ ಒಡ್ಡು” ಅಂದೆ. ಅವಳು ಗಾಬರಿಯಿಂದ ಅತ್ತೆಯನ್ನು ನೋಡಿದಳು, ಆಮೇಲೆ ಒಡ್ಡಿದಳು. ನಾಲ್ಕು ಸಲ ಕೊಡವಿದ ಮೇಲೆ ಅಂಗೈಗೆ ಸ್ವಲ್ಪ ಬಿತ್ತು. ಅದನ್ನವಳು ಸಾರಿಗೆ ಹಾಕಿಕೊಂಡು, ಯಾರನ್ನೂ ನೋಡದೆ ಬೇಗ ಬೇಗ ಉಂಡಳು. ಬೀಗಿತ್ತಿ ಜೋರಾಗಿ ನಕ್ಕು ಒಳಗಿನಿಂದ ಉಪ್ಪಿನಕಾಯಿ ತರಲು ಹೋದರು.

ನಾನೂ ನನ್ನ ತಟ್ಟೆಗೆ ಉದುರಿಸಿಕೊಂಡು ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಇನ್ನೂ ಅರೆ ಚಿಟಿಕೆ ಬೇಕಿತ್ತು. ಅಭ್ಯಾಸಬಲದಿಂದ ಒಂದು ಗಳಿಗೆ ಹಾಗೇ ಕಾದೆ... ‘ಈಗ?’ ಎಂದು ಯಾರೂ ಕೇಳಲಿಲ್ಲ.